ಹಾವಿನ ಬಣ್ಣ ಕಣ್ಣಿಗಿರಲಿ

ಹಾವೂ ಚೆಲುವಾದ ಪ್ರಾಣಿಯೆಂದರೆ ನಮ್ಮೂರ ಕಟ್ಟೆಯ ಮೇಲಿನ ಹಿರಿಯರು ನಕ್ಕಾರು. ಹೊಲದಲ್ಲಿ ಹಾವು ಕಂಡರೆ ಮೊದಲು ಕಲ್ಲು ಹುಡುಕುವ ಜನ ನಾವು. ನಾನೂ ಹಾಗೆಯೇ ಬೆಳೆದವನು. ಆದರೆ ಹೋದ ವರ್ಷ ಗೆಳೆಯನೊಬ್ಬನು ಮೊಬೈಲಿನಲ್ಲಿ ತೋರಿಸಿದ ಕೆಲವು ಚಿತ್ರಗಳು ನನ್ನ ಎಣಿಕೆಯನ್ನು ಬದಲಿಸಿದುವು. ಅವು ಬ್ಲಡ್ ಪೈಥಾನ್ ಎಂಬ ಹೆಬ್ಬಾವಿನ ಚಿತ್ರಗಳು. ಮಲೇಷಿಯಾ, ಸುಮಾತ್ರಾಗಳ ಜೌಗು ನೆಲ ಅದರ ತವರು. ಪರದೇಶಗಳಲ್ಲಿ ಹಲವರು ಅದನ್ನು ಮನೆಯಲ್ಲಿ ಸಾಕಿ, ಚಿತ್ರ ತೆಗೆದು ಸಂತೋಷಪಡುತ್ತಾರೆ. ಮೋಟು ಬಾಲ, ದಪ್ಪ ಮೈ. ಮೈಮೇಲೆ ಇಟ್ಟಿಗೆಗೆಂಪು, ನಡುನಡುವೆ ಹಳದಿ, ಕಂದು ಮಚ್ಚೆಗಳು. ಇಳಕಲ್ಲ ಸೀರೆಯ ಅಂಚನ್ನು ನೋಡುವಂತೆ ನೋಡುತ್ತ ಕುಳಿತೆ.

ಅಂದಿನಿಂದ ನಮ್ಮ ಹರಪನಹಳ್ಳಿ ಸೀಮೆಯ ಹಾವುಗಳನ್ನೂ ಗಮನಿಸತೊಡಗಿದೆ. ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆಗಳಿರುವುದನ್ನು ದೂರದಿಂದ ಕಂಡೆ. ಒಂದು ಸಂಜೆ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಎರಡು ತಲೆ ಹಾವು ಸಿಕ್ಕಿತು. ನಿಜವಾಗಿ ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿ ತಲೆಯಂತೆ ತೋರುತ್ತದೆ, ಅಷ್ಟೆ. ವಿಷವೂ ಇಲ್ಲ. ನಮ್ಮ ಮಸಾರಿ ಮಣ್ಣಿನ ಬಣ್ಣವೇ ಅದರ ಬಣ್ಣ. ನಾಲ್ಕು ಚಿತ್ರ ತೆಗೆದು, ಊರ ಹೆಸರಿನೊಡನೆ ಎಲ್ಲರಿಗೂ ಕಾಣುವಂತೆ ಸ್ಟೇಟಸ್ ಹಾಕಿದೆ.

ಮರುದಿನವೇ ಅಪರಿಚಿತನೊಬ್ಬನ ಫೋನು ಬಂದಿತು. "ತೂಕ ಎಷ್ಟೈತಿ?" ಎಂಬುದೇ ಅವನ ಮೊದಲ ಮಾತು. ಅದೃಷ್ಟ ತರುತ್ತದೆ, ಔಷಧಕ್ಕೆ ಬರುತ್ತದೆ ಎಂಬ ಮೂಢನಂಬಿಕೆಯಿಂದ ಈ ಬಡಪ್ರಾಣಿಗೆ ಕಳ್ಳಪೇಟೆಯಲ್ಲಿ ಬೆಲೆ ಕಟ್ಟುತ್ತಾರೆ. ಅವನು ಹೇಳಿದ ಮೊತ್ತ ನಮ್ಮ ಹೊಲದ ಮೂರು ವರ್ಷದ ಬೆಳೆಗೂ ಮಿಗಿಲು. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ತಂಗಿಯ ಓದಿನ ಖರ್ಚು, ಮನೆಯ ಸಾಲ ಎಲ್ಲವೂ ಕಣ್ಮುಂದೆ ಬಂದುವು. ಮೂರು ದಿನ ಸುಮ್ಮನಿದ್ದು, ಕಡೆಗೆ ನಮ್ಮ ತಂದೆಯವರಿಗೆ ಹೇಳಿದೆ. ಓದುಬರೆಹ ಅರಿಯದ ಅವರು ಕೇಳಿದ್ದು ಇಷ್ಟೇ: "ಅದು ಇಲಿ ತಿನ್ನೋ ಹಾವಲ್ಲೇನೋ ತಮ್ಮಾ? ಅದನ್ನ ಮಾರಿ, ಇಲಿಗೆ ಏನು ಮಾಡ್ತಿ?" ಪದವಿಯ ಹೊಸ್ತಿಲಲ್ಲಿರುವ ನನ್ನಲ್ಲಿ ಉತ್ತರವಿರಲಿಲ್ಲ.

ಇದರಿಂದ ನನಗೆ ತೋರಿದ್ದು ಇದು: ಚೆಲುವನ್ನು ನೋಡಿ ಮೆಚ್ಚುವುದು ತಪ್ಪಲ್ಲ, ಮೆಚ್ಚಿದ್ದೆಲ್ಲ ನಮ್ಮದಾಗಬೇಕೆಂಬುದು ತಪ್ಪು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್ ಹೆಬ್ಬಾವುಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಜೊತೆಗಿದ್ದ 6 ಕೋತಿಗಳು ಸತ್ತುಹೋಗಿದ್ದುವು. ಆ ಹೆಬ್ಬಾವುಗಳು ಬಗೆಬಗೆಯ ಬಣ್ಣದವು. ಬಣ್ಣ ಅಪರೂಪವಾದಷ್ಟೂ ಬೆಲೆ ಹೆಚ್ಚು. ನಮ್ಮ ನಾಡಿನ ಹಾವುಗಳನ್ನು ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 2022ರ ತಿದ್ದುಪಡಿಯಿಂದ, ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳನ್ನು ಸಾಕುವವರೂ ನೋಂದಣಿ ಮಾಡಿಸಬೇಕು. ಆದರೆ ಬದುವಿಗೊಬ್ಬ ಪೋಲೀಸನನ್ನು ನಿಲ್ಲಿಸಲಾದೀತೆ?

ಆದುದರಿಂದ ಸಹಪಾಠಿ ಮಿತ್ರರಲ್ಲಿ ನನ್ನ ವಿಜ್ಞಾಪನೆ. ಹಾವಿನ ಚಿತ್ರ ತೆಗೆಯಿರಿ. ಅದನ್ನು ನೋಡಿದ ನಾಲ್ಕು ಜನ ಕಲ್ಲನ್ನು ಕೆಳಗಿಟ್ಟರೆ ಅದೇ ಲಾಭ. ಆದರೆ ದೂರ ನಿಂತು ತೆಗೆಯಿರಿ. ಬಣ್ಣಕ್ಕೆ ಮರುಳಾಗಿ ಕೈಚಾಚಿದವನನ್ನು ಕೊಳಕುಮಂಡಲ ಬಿಟ್ಟೀತೆ? ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ನಮ್ಮ ರಾಜ್ಯ 2024ರಲ್ಲಿ ಗೊತ್ತುಮಾಡಿದ್ದು ಸುಮ್ಮನೆ ಅಲ್ಲ. ಇನ್ನು, ಚಿತ್ರದೊಡನೆ ಹೊಲದ ಗುರುತನ್ನು ಬರೆಯಬೇಡಿರಿ. ನಾನು ಬರೆದು ಕೆಟ್ಟೆ, ಅಂದೇ ಅಳಿಸಿದೆ.

ಆ ಹಾವು ಈಗಲೂ ಅಲ್ಲಿಯೇ ಇದೆ. ಈ ಸುಗ್ಗಿಯಲ್ಲಿಯೂ ಕಂಡೆ. ಯಾವ ಬದು ಎಂದು ಮಾತ್ರ ಕೇಳಬೇಡಿರಿ.