ಯಂತ್ರ ತಪ್ಪದು, ಗಡಿ ತಪ್ಪೀತು

ಕಾಸರಗೋಡಿನ ರೈತ ಬಂಧುಗಳೇ,

ಕೇರಳ ಸರಕಾರವು 2022ರ ನವೆಂಬರಿನಲ್ಲಿ ಆರಂಭಿಸಿದ ಡಿಜಿಟಲ್ ಮರುಮೋಜಣಿಯ ವಿಷಯದಲ್ಲಿ ‘ಉಪಗ್ರಹವೇ ಅಳೆದ ಮೇಲೆ ತಕರಾರೇತಕ್ಕೆ?’ ಎನ್ನುವವರಿದ್ದಾರೆ. ಇದು ಅರ್ಧ ಸತ್ಯವು. ಕೈಯಲ್ಲಿನ ಮೊಬೈಲು ಹಲವು ಮೀಟರು ತಪ್ಪಬಲ್ಲದು. ಸ್ಥಿರ ಕೇಂದ್ರದಿಂದ ಕ್ಷಣಕ್ಷಣಕ್ಕೂ ತಿದ್ದುಪಡಿ ಪಡೆಯುವ ಆರ್‌ಟಿಕೆ ಯಂತ್ರವಾದರೋ ಬಯಲಿನಲ್ಲಿ ಕೆಲವೇ ಸೆಂಟಿಮೀಟರಿನೊಳಗೆ ನಿಲ್ಲುವುದು. ಹಳೆಯ ಸರಪಳಿಗೆ ಈ ನಿಖರತೆ ಎಲ್ಲಿಯದು? ಆದರೆ ದಟ್ಟ ಅಡಿಕೆ ತೋಟದೊಳಗೆ ಉಪಗ್ರಹದ ಸಂಕೇತವು ಕುಂದುವುದು. ಅದಕ್ಕಿಂತ ಮಿಗಿಲಾಗಿ, ಯಂತ್ರವು ಹೇಳುವುದು ತನ್ನ ಕೋಲು ನಿಂತ ಸ್ಥಳವನ್ನೇ ಹೊರತು ಅದು ಯಾರ ಎಲ್ಲೆಯೆಂಬುದನ್ನಲ್ಲ. ನೆರೆಯವನು ತಪ್ಪು ಗಡಿ ತೋರಿಸಿದರೆ ಆ ತಪ್ಪೂ ಅಷ್ಟೇ ನಿಖರವಾಗಿ ದಾಖಲಾದೀತು! ಅಳೆಯುವ ದಿನ ಗಡಿಯ ಬಳಿ ನೀವೇ ನಿಲ್ಲಿರಿ. ಓದಲಾಗದ ಮಲಯಾಳ ಕಾಗದಕ್ಕೆ ಸುಮ್ಮನೆ ರುಜು ಹಾಕದೆ, ಕನ್ನಡದಲ್ಲಿಯೇ ವಿವರಣೆ ಕೇಳಿರಿ.