ನಾವಿಕರ ತಾಯಂದಿರಿಗೂ ಒಂದು ಬಳಗ ಬೇಕು

2025ರ ಮೇ 8ರ ರಾತ್ರಿ ದೇಶದ ಹಲವು ಟಿವಿ ವಾಹಿನಿಗಳು ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ನಡೆಸಿದೆ ಎಂದು ಗಂಟಲು ಹರಿದುಕೊಂಡವು. ಅಂಥ ದಾಳಿ ನಡೆದೇ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತವರಿಗೆ ಅದು ಒಂದು ರಾತ್ರಿಯ ಗದ್ದಲ, ಬೆಳಗಾದರೆ ಬೇರೆ ಸುದ್ದಿ. ಮಗನೋ ಮಗಳೋ ಹಡಗಿನಲ್ಲಿರುವ ಮನೆಗೆ ಹಾಗಲ್ಲ. ಹಡಗು ಕಡಲಿಗಿಳಿದರೆ ಫೋನು ಹತ್ತುವುದಿಲ್ಲ. ಟಿವಿ ನಂಬುವುದೋ ಬಿಡುವುದೋ ತಿಳಿಯದು. ಕೇಳೋಣವೆಂದರೆ ಯಾರನ್ನು?

ಭೂಸೇನೆಗೆ ಮಕ್ಕಳನ್ನು ಕಳಿಸಿದ ತಾಯಂದಿರಿಗೆ ಈ ಪ್ರಶ್ನೆಗೆ ಅಷ್ಟಿಷ್ಟು ಉತ್ತರವಿದೆ. ಕೊಡಗಿನಲ್ಲಾಗಲಿ ಬೆಳಗಾವಿ ಸೀಮೆಯಲ್ಲಾಗಲಿ ಊರಿಗೊಬ್ಬ ನಿವೃತ್ತ ಸುಬೇದಾರರೋ ಹವಾಲ್ದಾರರೋ ಸಿಗುತ್ತಾರೆ. ಜಗಲಿಯ ಮೇಲೆ ಕೂತು, 'ಏನೂ ಆಗಿಲ್ಲ ತಾಯಿ, ಪೋಸ್ಟಿನಲ್ಲಿ ಸಿಗ್ನಲ್ ಇರಲ್ಲ' ಎಂದು ಹೇಳುವಷ್ಟು ಅನುಭವ ಅವರಿಗಿದೆ. ನೌಕಾಪಡೆಯ ವಿಷಯದಲ್ಲಿ ಒಳನಾಡಿನ ಹಳ್ಳಿಗಳಿಗೆ ಇಂಥ ಹಿರಿಯರು ಕಡಿಮೆ. ಸಮುದ್ರವನ್ನೇ ಕಾಣದ ತಾಯಿಯೊಬ್ಬಳು ಬಾಗಲಕೋಟೆಯಲ್ಲೋ ಯಾದಗಿರಿಯಲ್ಲೋ ಕೂತು, ವಾರಗಟ್ಟಲೆ ಫೋನು ಬಾರದಿದ್ದರೆ ಅದು ಸಹಜವೋ ಅಲ್ಲವೋ ಎಂಬುದನ್ನು ಒಬ್ಬಳೇ ಲೆಕ್ಕ ಹಾಕಬೇಕು.

ನೌಕಾಪಡೆಯಲ್ಲಿ ಕುಟುಂಬಗಳಿಗೆ ವ್ಯವಸ್ಥೆಯೇ ಇಲ್ಲವೆಂದಲ್ಲ. ಪತ್ನಿಯರು ಕಟ್ಟಿ ಬೆಳೆಸಿದ ಕಲ್ಯಾಣ ಸಂಘ ಎನ್‌ಡಬ್ಲ್ಯುಡಬ್ಲ್ಯುಎ ಇದೆ. ವಿಶೇಷ ಮಕ್ಕಳ 'ಸಂಕಲ್ಪ' ಶಾಲೆಗಳನ್ನು ನಡೆಸುವ, ನೆಲೆಗೆ ಹೊಸದಾಗಿ ಬಂದ ಹೆಣ್ಣುಮಗಳಿಗೆ ದಾರಿ ತೋರಿಸುವ ಒಳ್ಳೆಯ ಸಂಸ್ಥೆ ಅದು. ಆದರೆ ಅದರ ಲೋಕ ನೆಲೆಗಳ ಸುತ್ತ, ಕ್ವಾರ್ಟರ್ಸುಗಳ ನಡುವೆ ಇದೆ. ಹಡಗು ಹೊರಟ ಸುದ್ದಿ ಅಕ್ಕಪಕ್ಕದ ಮನೆಯವರಿಗೂ ಗೊತ್ತಿರುವ ಲೋಕ ಅದು.

ಅಗ್ನಿಪಥ ಯೋಜನೆ ಬಂದ ಮೇಲೆ ಲೆಕ್ಕ ಬದಲಾಯಿತು, ಈ ಕರಪತ್ರದ ವಾದ ನಿಂತಿರುವುದೂ ಇಲ್ಲೇ. 2022ರಲ್ಲಿ ಶುರುವಾದ ಈ ಯೋಜನೆಯಡಿ ನೌಕಾಪಡೆಗೆ ಅರ್ಜಿ ಹಾಕುವವರು ಅವಿವಾಹಿತರೇ ಆಗಿರಬೇಕು. ನಾಲ್ಕು ವರ್ಷದ ಸೇವೆ ಮುಗಿಯುವವರೆಗೆ ಮದುವೆಯಾಗುವಂತೆಯೂ ಇಲ್ಲ. ಅಂದರೆ ಹೀಗೆ ಸೇರಿದ ಅಗ್ನಿವೀರನಿಗೆ ಪತ್ನಿಯಿಲ್ಲ, ಸಂಸಾರದ ಕ್ವಾರ್ಟರ್ಸಿಲ್ಲ, ಪಕ್ಕದ ಮನೆಯೂ ಇಲ್ಲ. ಅವನ ಕುಟುಂಬವೆಂದರೆ ಊರಲ್ಲಿರುವ ತಂದೆತಾಯಿ. ಹದಿನೇಳೂವರೆ ವಯಸ್ಸಿಗೇ ಮಕ್ಕಳನ್ನು ತೆಗೆದುಕೊಳ್ಳುವ ಪಡೆಯ ಕುಟುಂಬ ಕಲ್ಯಾಣ ಇನ್ನೂ ಪತ್ನಿಯನ್ನು ಕೇಂದ್ರವಾಗಿಟ್ಟುಕೊಂಡೇ ಯೋಚಿಸುವುದಾದರೆ, ಅತಿ ಕಿರಿಯ ನಾವಿಕರ ಮನೆಯವರೇ ಅದರ ಹೊರಗೆ ಉಳಿಯುತ್ತಾರೆ.

ಆ ಮನೆಯವರಿಗೆ ಏನು ಗೊತ್ತಿರಬೇಕು ಎಂಬ ಪಟ್ಟಿ ಉದ್ದವಿದೆ. ಮೊದಲನೆಯದು ಚಿಲ್ಕಾ. ಒಡಿಶಾದ ಖೋರ್ಧಾ ಜಿಲ್ಲೆಯಲ್ಲಿ, ಚಿಲಿಕಾ ಸರೋವರದ ದಂಡೆಯಲ್ಲಿರುವ ಐಎನ್‌ಎಸ್ ಚಿಲ್ಕಾದಲ್ಲೇ ಅಗ್ನಿವೀರ ನಾವಿಕರ ಮೊದಲ 16 ವಾರಗಳ ತರಬೇತಿ. ಸುಮಾರು 2,600 ಮಂದಿಯ ಮೊದಲ ತಂಡ 2023ರ ಮಾರ್ಚ್ 28ರಂದು ಅಲ್ಲಿಂದ ಹೊರಬಿತ್ತು. ಅವರಲ್ಲಿ 273 ಯುವತಿಯರಿದ್ದರು, ಪರೇಡ್ ನಡೆದದ್ದು ಸೂರ್ಯ ಮುಳುಗಿದ ಮೇಲೆ. ಚಿಲ್ಕಾ ಮುಗಿದರೆ ಮನೆ ಹತ್ತಿರ ಬರುತ್ತದೆಂದೇನಿಲ್ಲ. ಎಂಜಿನ್ ಕೆಲಸದವರು ಲೋನಾವಳದ ಐಎನ್‌ಎಸ್ ಶಿವಾಜಿಗೆ, ವಿದ್ಯುತ್ ಕೆಲಸದವರು ಜಾಮ್‌ನಗರದ ವಲ್ಸುರಾಕ್ಕೆ, ತೋಪುಗಳ ಕೆಲಸದವರು ಕೊಚ್ಚಿಯ ದ್ರೋಣಾಚಾರ್ಯಕ್ಕೆ ಹೋಗುತ್ತಾರೆ. ಈ ಊರುಗಳ ಹೆಸರನ್ನು ಮಗ ಅವಸರದ ಫೋನಿನಲ್ಲಿ ಹೇಳಿದರೆ ತಾಯಿಗೆ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ.

ದುಡ್ಡಿನ ವಿಷಯವನ್ನಂತೂ ಬಿಡಿಸಿ ಹೇಳುವವರೇ ಬೇಕು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಎಂದು ಊರೆಲ್ಲ ಹೇಳಿಕೊಂಡ ತಾಯಿ, ಖಾತೆಗೆ 21,000 ಬಂದದ್ದು ನೋಡಿ ಮಗ ದುಂದು ಮಾಡುತ್ತಿದ್ದಾನೋ ಎಂದು ಅನುಮಾನಪಟ್ಟರೆ ಅದು ಅವಳ ತಪ್ಪಲ್ಲ. ಸಂಬಳದ ಶೇಕಡಾ 30 ಸೇವಾನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೈಗೆ ಬರುವ ಲೆಕ್ಕ. ಕಂತು ಕಟ್ಟಬೇಕಿಲ್ಲದ 48 ಲಕ್ಷದ ಜೀವವಿಮೆ ಇದೆ. ವರ್ಷಕ್ಕೆ 30 ದಿನ ರಜೆ. ಇದಿಷ್ಟನ್ನು ಒಬ್ಬ ತಾಯಿ ಇನ್ನೊಬ್ಬಳಿಗೆ ಐದು ನಿಮಿಷದಲ್ಲಿ ಹೇಳಬಹುದು. ಹೇಳುವವರಿಲ್ಲದ ಕಡೆ ಏಜೆಂಟರೂ ಮೋಸಗಾರರೂ ಬಂದು ಕೂರುತ್ತಾರೆ. 'ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಬೇಗ ದುಡ್ಡು ಹಾಕಿ' ಎಂದು ಹೆದರಿಸುವ ಮೋಸದ ಕರೆಗಳು ಯಾವ ಮನೆಗೂ ಬರುತ್ತವೆ. ಮಗನ ಫೋನು ಹತ್ತದ ಮನೆಗೆ ಅವು ಬಂದರೆ ನಂಬಿಕೆ ಬೇಗ ಹುಟ್ಟುತ್ತದೆ.

ತಾಯಂದಿರ ಬಳಗವೆಂಬುದು ಹೊಸ ಕಲ್ಪನೆಯಲ್ಲ. 1942ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು: ಮಕ್ಕಳು ಸೇನೆಯಲ್ಲಿರುವವರು ವಿವರ ಕಳಿಸಿ. ಸುಮಾರು ಸಾವಿರ ಉತ್ತರ ಬಂದವು. ಮರುತಿಂಗಳು ಮುನ್ನೂರರಷ್ಟು ತಾಯಂದಿರು ಒಂದೆಡೆ ಸೇರಿ 'ಬ್ಲೂ ಸ್ಟಾರ್ ಮದರ್ಸ್' ಸಂಘ ಕಟ್ಟಿದರು. ಅದು ಇಂದಿಗೂ ಇದೆ. 1970ರಲ್ಲಿ ಅಲ್ಲಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಜುಮ್‌ವಾಲ್ಟ್, ಹಡಗಿಗೂ ಮನೆಗಳಿಗೂ ನಡುವೆ ಮಾತು ದಾಟಿಸಲು ಕುಟುಂಬಗಳ ಕಡೆಯಿಂದಲೇ ಒಬ್ಬರನ್ನು ನೇಮಿಸುವ ಪದ್ಧತಿ ತಂದರು. ಇಂಟರ್ನೆಟ್ ಬಂದ ಮೇಲೆ ಈ ಕೆಲಸ ಇನ್ನೂ ಸಲೀಸಾಯಿತು. ಇಲಿನಾಯ್ ರಾಜ್ಯದ ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರಕ್ಕೆ ಮಗ ತಲುಪಿದ ಮೇಲೆ ಬರುವ ಮೊದಲ ಫೋನು, ಕಾಗದದಲ್ಲಿ ಬರೆದದ್ದನ್ನು ಓದಿ ಇಟ್ಟುಬಿಡುವ ಕೆಲವೇ ಕ್ಷಣಗಳ ಕರೆ. ಆಮೇಲೆ ಅವನು ಹಾಕಿಕೊಂಡು ಹೋಗಿದ್ದ ಬಟ್ಟೆ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತಿತ್ತು. ಇದು ಮೊದಲೇ ಗೊತ್ತಿಲ್ಲದ ತಾಯಿ ಆ ಪೆಟ್ಟಿಗೆ ಬಿಚ್ಚಿ ಎದೆಯೊಡೆದುಕೊಳ್ಳುತ್ತಿದ್ದಳು. ಹಿಂದಿನ ತಂಡದ ತಾಯಂದಿರು ಮುಂದಿನವರಿಗೆ, 'ಪೆಟ್ಟಿಗೆ ಬರುತ್ತದೆ, ಗಾಬರಿಯಾಗಬೇಡಿ' ಎಂದು ಬರೆದು ಹೇಳುತ್ತ ಬಂದರು.

ದುರಂತ ಬಂದಾಗ ಒಂಟಿ ದನಿಗೂ ಒಟ್ಟು ದನಿಗೂ ಇರುವ ಅಂತರ ಕಾಣುತ್ತದೆ. 2000ದ ಆಗಸ್ಟಿನಲ್ಲಿ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿ 118 ಮಂದಿಯೊಂದಿಗೆ ಮುಳುಗಿತು. ಉಪಪ್ರಧಾನಿಯ ಎದುರು ನಿಂತು ಸಿಟ್ಟಿನಿಂದ ಪ್ರಶ್ನಿಸುತ್ತಿದ್ದ ಒಬ್ಬ ತಾಯಿಗೆ ಹಿಂದಿನಿಂದ ಮಂಪರಿನ ಇಂಜೆಕ್ಷನ್ ಚುಚ್ಚಿದ ದೃಶ್ಯವನ್ನು ಜಗತ್ತು ಟಿವಿಯಲ್ಲಿ ನೋಡಿತು. 2017ರ ನವೆಂಬರಿನಲ್ಲಿ ಅರ್ಜೆಂಟೀನಾದ ಸಾನ್ ಹುವಾನ್ ಜಲಾಂತರ್ಗಾಮಿ 44 ಮಂದಿಯೊಂದಿಗೆ ಕಾಣೆಯಾದಾಗ ಕುಟುಂಬಗಳು ಒಟ್ಟಾಗಿದ್ದವು. ಹುಡುಕಾಟ ನಿಲ್ಲಿಸಬೇಡಿ ಎಂದು ರಾಜಧಾನಿಯ ಚೌಕದಲ್ಲಿ ಡೇರೆ ಹಾಕಿ ಕೂತರು. ಸರ್ಕಾರ ಖಾಸಗಿ ಕಂಪನಿಗೆ ಹುಡುಕುವ ಕೆಲಸ ಕೊಟ್ಟಿತು. ಒಂದು ವರ್ಷದ ಮೇಲೆ, ಸುಮಾರು 900 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಸತ್ತವರು ಮರಳಲಿಲ್ಲ. ಆದರೆ ಮಕ್ಕಳು ಎಲ್ಲಿದ್ದಾರೆಂಬುದಾದರೂ ಆ ಮನೆಗಳಿಗೆ ಗೊತ್ತಾಯಿತು.

ಇಂಥ ಬಳಗಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ: ತಾಯಂದಿರು ಗ್ರೂಪ್ ಮಾಡಿದರೆ ಹಡಗಿನ ಗುಟ್ಟು ಹೊರಬೀಳದೇ? 2019ರ ಡಿಸೆಂಬರಿನಲ್ಲಿ ಬೇಹುಗಾರಿಕೆ ಪ್ರಕರಣದಲ್ಲಿ ನಮ್ಮ ನೌಕಾಪಡೆಯ ಸಿಬ್ಬಂದಿಯೇ ಬಂಧನಕ್ಕೊಳಗಾದರು. ಅದೇ ತಿಂಗಳು ನೌಕಾಪಡೆ ತನ್ನವರಿಗೆ ಫೇಸ್‌ಬುಕ್ ನಿಷೇಧಿಸಿ, ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನನ್ನೂ ತಡೆಯಿತು. ಕರ್ನಾಟಕಕ್ಕೂ ಇದು ದೂರದ ಕಥೆಯಲ್ಲ. ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಸೋರಿಕೆಯ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು.

ಹಾಗಾಗಿ ಬಳಗ ಬೇಡವೆಂದಲ್ಲ, ಕಟ್ಟುಪಾಡಿನ ಬಳಗ ಬೇಕೆಂದು. ಹಡಗಿನ ಹೆಸರು ಬರೆಯುವಂತಿಲ್ಲ. ಯಾವಾಗ ಹೊರಟಿತು, ಯಾವ ಬಂದರಿಗೆ ಬಂತು ಎಂಬುದು ಬೇಡ. ಸಮವಸ್ತ್ರದ ಫೋಟೋ ಬೇಡ, ಅದೆಷ್ಟೇ ಚೆನ್ನಾಗಿ ಬಂದಿರಲಿ. ಪರಿಚಯದ ಒಬ್ಬರು ಹೌದೆನ್ನದೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ನಿರ್ವಹಣೆಗೆ ನಿವೃತ್ತ ನಾವಿಕರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಟಿವಿಯ ವದಂತಿಯನ್ನು ದಾಟಿಸಿದವರನ್ನು ಒಮ್ಮೆ ಎಚ್ಚರಿಸಿ, ಎರಡನೇ ಸಲ ಹೊರಗಿಡಬೇಕು. ಗುಲಾಬಿ ಹೂವಿನ ಶುಭೋದಯಗಳಿಗೂ ಅದೇ ಶಿಕ್ಷೆ ಕೊಟ್ಟರೆ ಯಾರೂ ಬೇಸರಪಡಲಾರರು. ಅಷ್ಟಕ್ಕೂ ಕಟ್ಟುಪಾಡಿಲ್ಲದ ಗುಂಪುಗಳು ಈಗಾಗಲೇ ಹುಟ್ಟುತ್ತಿವೆ. ಓಣಿಯ ಗ್ರೂಪು, ಮಹಿಳಾ ಸಂಘದ ಗ್ರೂಪು, ನೆಂಟರ ಗ್ರೂಪು, ಎಲ್ಲದರಲ್ಲೂ ಹೆಮ್ಮೆಯ ತಾಯಿ ಮಗನ ಹಡಗಿನ ಫೋಟೋ ಹಾಕಿಯೇ ಹಾಕುತ್ತಾಳೆ. ಏನು ಹಾಕಬಾರದೆಂದು ಅವಳಿಗೆ ಪ್ರೀತಿಯಿಂದ ಹೇಳಬಲ್ಲವಳು ಇನ್ನೊಬ್ಬ ನಾವಿಕನ ತಾಯಿಯೇ.

ಸರ್ಕಾರದಿಂದ ಬೇಕಾದದ್ದು ಹೆಚ್ಚೇನಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿಗೆ ನಿವೃತ್ತರೂ ವೀರಪತ್ನಿಯರೂ ಬರುತ್ತಾರೆ. ಸೇವೆಯಲ್ಲಿರುವ ಅಗ್ನಿವೀರರ ತಾಯಂದಿರನ್ನೂ ವರ್ಷಕ್ಕೆರಡು ಸಲ ಕರೆಯಲಿ. ನೇಮಕದ ಪತ್ರದ ಜೊತೆ ಎರಡು ಪುಟದ ಕನ್ನಡ ಮಾಹಿತಿ ಹೋಗಲಿ: ತರಬೇತಿ ಎಲ್ಲಿ, ಫೋನು ಯಾವಾಗ, ಸಂಬಳ ಎಷ್ಟು ಕೈಗೆ, ತುರ್ತಿಗೆ ಯಾರಿಗೆ ಕರೆ ಮಾಡಬೇಕು. ಇದಕ್ಕೆ ಅವಸರವೂ ಇದೆ. 2022ರ ಕೊನೆಯಲ್ಲಿ ಸೇರಿದ ಮೊದಲ ತಂಡಕ್ಕೆ 2026ರ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ಕಾಯಂ ಆಗುವವರು ಹೆಚ್ಚೆಂದರೆ ಶೇಕಡಾ 25. ಉಳಿದವರು ಇಪ್ಪತ್ತರ ಹರೆಯದಲ್ಲೇ ಊರಿಗೆ ಮರಳುತ್ತಾರೆ, ಮಾಜಿ ಸೈನಿಕರ ಸ್ಥಾನಮಾನವಿಲ್ಲದೆ. ಮುಂದೇನು ಎಂಬ ಮಾತು ಮನೆಯಲ್ಲಿ ಶುರುವಾಗುವಾಗ ಅದೇ ದಾರಿಯಲ್ಲಿರುವ ಹತ್ತು ಮನೆಗಳ ಪರಿಚಯವಿದ್ದರೆ, ಕೋರ್ಸಿನ ವಿಷಯವೋ ಬಂದರಿನ ಕೆಲಸದ ವಿಷಯವೋ ಕಿವಿಗೆ ಬೀಳುತ್ತದೆ.

ಕದಂಬ ನೆಲೆಗೂ ಒಂದು ಕೋರಿಕೆ. ಅಮೆರಿಕದ ನೌಕಾಪಡೆಯಲ್ಲಿ ದೀರ್ಘ ಪ್ರಯಾಣ ಮುಗಿಸಿ ಬರುವ ಹಡಗಿನ ಕೊನೆಯ ಹಂತದಲ್ಲಿ ತಂದೆತಾಯಿಯರನ್ನು ಹತ್ತಿಸಿಕೊಂಡು ಬರುವ ರೂಢಿಯಿದೆ. ಅಷ್ಟು ದೊಡ್ಡದು ಬೇಡ. ಡಿಸೆಂಬರ್ 4ರ ನೌಕಾದಿನದ ಸುಮಾರಿಗೆ, ಕರ್ನಾಟಕದ ಅಗ್ನಿವೀರರ ತಾಯಂದಿರಿಗೆಂದೇ ಕಾರವಾರದಲ್ಲಿ ಒಂದು ದಿನ ತೆಗೆದಿಡಲಿ. ಹಡಗಿನಲ್ಲಿ ಮಕ್ಕಳು ಮಲಗುವ ಜಾಗ, ಊಟದ ಜಾಗ ತೋರಿಸಲಿ. ಕನ್ನಡ ಬಲ್ಲ ನಾವಿಕರೊಬ್ಬರು ಪ್ರಶ್ನೆಗಳಿಗೆ ಉತ್ತರ ಹೇಳಲಿ. ಯಾದಗಿರಿಯಿಂದ ಕಾರವಾರಕ್ಕೆ ಬರುವ ಬಸ್ಸಿನ ಖರ್ಚನ್ನು ಜಿಲ್ಲಾಡಳಿತ ಕೊಡಬಹುದು.