ವೇಗ ಸರಿ, ಯಾರ ಪಠ್ಯದ ಮೇಲೆ?

ಸಿ ಲೈಬ್ರರಿಗೆ ಹೊಸ ಸ್ಟ್ರಿಂಗ್ ಸರ್ಚ್ ಫಂಕ್ಷನ್ ಬರೆದು, ‘ಹಳೆಯದಕ್ಕಿಂತ ಮೂರು ಪಟ್ಟು ವೇಗ’ ಎಂದು ರಿವ್ಯೂಗೆ ಕಳಿಸುವವರಿಗೆ ನನ್ನ ಮೊದಲ ಪ್ರಶ್ನೆ: ಯಾವ ಪಠ್ಯದ ಮೇಲೆ ಅಳೆದಿರಿ? ನನಗೆ ಸಿಗುವ ಉತ್ತರ ಒಂದೇ: ಇಂಗ್ಲಿಷ್. ಪುಣೆಯ ನಮ್ಮ ಟೀಮಿನಲ್ಲಿ ಕನ್ನಡ, ಮರಾಠಿ, ತಮಿಳಿನವರೇ ತುಂಬಿದ್ದಾರೆ. ಟೆಸ್ಟ್ ಫೈಲಿನಲ್ಲಿ ಮಾತ್ರ ನಮ್ಮ ಒಂದಕ್ಷರವೂ ಇರುವುದಿಲ್ಲ. ಇದನ್ನು ಹೇಳಿದರೆ ‘ಭಾಷಾಭಿಮಾನ ಆಫೀಸಿಗೆ ತರಬೇಡಿ’ ಎನ್ನುತ್ತಾರೆ. ಅಭಿಮಾನ ಅಲ್ಲ ಸ್ವಾಮಿ, ಬೈಟುಗಳ ಲೆಕ್ಕ.

ಇಂಥ ಫಂಕ್ಷನ್‌ಗಳಲ್ಲಿ ಸಾಮಾನ್ಯವಾದ ಒಂದು ಉಪಾಯವಿದೆ: ಹುಡುಕುವ ಪದದ ಮೊದಲ ಬೈಟ್ ಎಲ್ಲಿದೆ ಎಂದು ಸರಸರನೆ ನೋಡುತ್ತ ಹೋಗುವುದು, ಸಿಕ್ಕಲ್ಲಿ ಮಾತ್ರ ನಿಂತು ಉಳಿದದ್ದನ್ನು ಹೋಲಿಸುವುದು. ಇಂಗ್ಲಿಷಿನಲ್ಲಿ ‘ಝಡ್’ ಅಪರೂಪ, ಹಾಗಾಗಿ ಓಟ ಜೋರು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ‘ಅ’ ಇರಲಿ, ‘ಳ’ ಇರಲಿ, ಮೊದಲನೆಯದು ಇ0. ಎರಡನೆಯದು ಬಿ2 ಇಲ್ಲವೇ ಬಿ3. ‘ಕನ್ನಡ’ ಎಂಬ ಪದದ 15 ಬೈಟುಗಳಲ್ಲಿ 5 ಬರೀ ಇ0! ಓಡಬೇಕಾದ ಫಂಕ್ಷನ್ ಸಿಟಿ ಬಸ್ಸಿನ ಹಾಗೆ ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತದೆ. ಅಕ್ಷರದ ಗುರುತು ಹೆಚ್ಚಾಗಿ ಇರುವುದು ಮೂರನೆಯ ಬೈಟಿನಲ್ಲಿ. ಅದನ್ನು ಮೊದಲು ನೋಡುವ ಕೋಡ್ ಬರೆಯಲು ಯಾರೂ ಅಡ್ಡಿ ಮಾಡಿಲ್ಲ. ತೊಂದರೆ ಇದೆ ಎಂದು ಅಳೆದು ನೋಡಿದವರಿಲ್ಲ, ಅಷ್ಟೇ.

‘ಸರಾಸರಿ ಚೆನ್ನಾಗಿದೆಯಲ್ಲ’ ಎಂಬ ವಾದ ಇನ್ನೂ ಅಪಾಯದ್ದು. 10 ಲಕ್ಷ ‘ಎ’ಗಳ ಪಠ್ಯದಲ್ಲಿ, 999 ‘ಎ’ಗಳ ಕೊನೆಗೊಂದು ‘ಬಿ’ ಇರುವ ಪದವನ್ನು ಹುಡುಕಿಸಿ. ಸರಳ ವಿಧಾನ ಸುಮಾರು 100 ಕೋಟಿ ಹೋಲಿಕೆ ಮಾಡುತ್ತದೆ. ಇಂಥ ಇನ್‌ಪುಟ್ ಯಾರು ಕೊಡುತ್ತಾರೆ ಎಂದು ಕೇಳುತ್ತೀರಾ? ಸರ್ವರ್ ಮಲಗಿಸಲು ಹೊರಟವನು ಕೊಡುತ್ತಾನೆ. ಕ್ನೂತ್, ಮಾರಿಸ್, ಪ್ರ್ಯಾಟ್ 1977ರಲ್ಲೇ ಇದಕ್ಕೆ ಪರಿಹಾರ ಪ್ರಕಟಿಸಿದ್ದಾರೆ. 1991ರ ಕ್ರೋಶ್‌ಮೋರ್-ಪೆರಾಂ ‘ಟೂ-ವೇ’ ವಿಧಾನಕ್ಕೆ ಪದದುದ್ದದ ಟೇಬಲ್ಲೂ ಬೇಡ. ಇಷ್ಟಿದ್ದೂ ಹಳೆಯ ಗುಂಡಿಗೇ ಬೀಳುವುದು ಹೊಸತನವಲ್ಲ.

ಇನ್ನು, ವೇಗಕ್ಕಾಗಿ ಒಮ್ಮೆಗೇ 16 ಬೈಟ್ ಓದುವವರು ಸ್ಟ್ರಿಂಗ್ ಮುಗಿದ ಮೇಲೂ ಓದಿಬಿಡಬಹುದು. ಸ್ಟ್ರಿಂಗ್ ಮೆಮೊರಿ ಪೇಜಿನ ಕೊನೆಯಲ್ಲಿದ್ದು ಪಕ್ಕದ ಪೇಜ್ ನಮ್ಮದಲ್ಲದಿದ್ದರೆ ಪ್ರೋಗ್ರಾಮ್ ಅಲ್ಲೇ ಸಾಯುತ್ತದೆ.

ಸಿ ಲೈಬ್ರರಿ ಮನೆಯ ಪಾಯದಂತೆ. ಅಲ್ಲಿನ ಬಿರುಕು ಮೇಲಿನ ಎಲ್ಲ ಮಹಡಿಗೂ ಏರುತ್ತದೆ. ರಿಲೀಸ್ ಡೇಟ್ ಹತ್ತಿರವಿದೆ ಎಂಬುದು ಕಾರಣವಾಗದು. ಒಂದು ಕನ್ನಡ ಫೈಲು, ಒಂದು ದುಷ್ಟ ಇನ್‌ಪುಟ್ಟು, ಪೇಜಿನಂಚಿನ ಒಂದು ಟೆಸ್ಟು: ಈ ಮೂರಿಲ್ಲದೆ ನನ್ನ ಅಪ್ರೂವಲ್ ಇಲ್ಲ. ನೀವೂ ಕೊಡಬೇಡಿ.